ಗವಾಯಿಗಳನ್ನ ಹೆಂಗ ನೆನೀಬೇಕು?

ಹಾನಗಲ್ ತಾಲೂಕಿನ ತಿಳವಳ್ಳಿ. ಜೂನ್ ತಿಂಗಳು. ಗಾನಯೋಗಿ ಪಂಚಾಕ್ಷರ ಗವಾಯಿಗಳು ತೀರಿಕೊಂಡದ್ದು 1944ರ ಜೂನ್ 11ರಂದು. ಅವರ ನೆನಪಿಗೆ ಊರಿನ ಭಜನಾ ಮಂಡಳಿಯವರು ಒಂದು ಸಂಜೆ ಹಾಡಿನ ಕಾರ್ಯಕ್ರಮ ಇಟ್ಟುಕೊಂಡಿದ್ದಾರೆ. ಕರಪತ್ರ ಬರೆಯುವ ಕೆಲಸ ಇಬ್ಬರ ತಲೆಗೆ ಬಂದಿದೆ. ಒಬ್ಬರು ಕನ್ನಡ ಶಾಲೆಯಲ್ಲಿ ಮಾಸ್ತರಿಕೆ ಮಾಡಿ ನಿವೃತ್ತರಾದವರು. ಭಜನೆಯ ಪೇಟಿ ಅವರದೇ, ಅದರ ಮೇಲಿನ ಹಕ್ಕೂ ಅವರದೇ. ಇನ್ನೊಬ್ಬಳು ಧಾರವಾಡದಲ್ಲಿ ಸಂಗೀತ ಓದಿ ಊರಿಗೆ ಬಂದಿರುವ ಹುಡುಗಿ, ಮೊಬೈಲಿನಲ್ಲೇ ದೂರದೂರಿನ ಮಕ್ಕಳಿಗೆ ಸರಿಗಮ ಹೇಳಿಕೊಡುತ್ತಾಳೆ. ಶಾಂತೇಶ್ವರ ಗುಡಿಯ ಕಟ್ಟೆಯ ಮೇಲೆ ಕೂತು ಗಂಟೆಯಾಯಿತು, ಕರಪತ್ರ ಮೊದಲ ಸಾಲು ದಾಟಿಲ್ಲ.

ಹುಡುಗಿ: ಮಾಸ್ತರ, ಬಿರುದು ಬರಿಯೂದರಾಗ ಅರ್ಧ ಹಾಳಿ ಮುಗೀತಲ್ರಿ. ಗಾನಯೋಗಿ, ಶಿವಯೋಗಿ, ಉಭಯ ಗಾನ ವಿಶಾರದ, ನಡೆದಾಡುವ ದೇವರು. ಹಾಡು ಕಟ್ಟತಿದ್ರು, ಹಾಡು ಕಲಸ್ತಿದ್ರು ಅನ್ನೂದು ಎಲ್ಲೈತಿ?

ಮಾಸ್ತರು: ಉಭಯ ಗಾನ ಅಂದ್ರ ಅದೇ ಅಲ್ಲೇನವ್ವಾ? ಕರ್ನಾಟಕೀನೂ ಬರ್ತಿತ್ತು, ಹಿಂದೂಸ್ತಾನೀನೂ ಬರ್ತಿತ್ತು. ಮೈಸೂರಿಗೆ ಹೋಗಿ ಅದನ್ನ ಕಲತ್ರು, ಕಿರಾಣಾ ಘರಾಣೆಯ ಅಬ್ದುಲ್ ವಹೀದ್ ಖಾನ್ ಸಾಹೇಬರ ಹತ್ರ ಇದನ್ನ ಕಲತ್ರು.

ಹುಡುಗಿ: ಅದನ್ನ ಬರೀರಲ್ಲ! ವಹೀದ್ ಖಾನರಿಗೆ ಕಿವಿ ಸ್ವಲ್ಪ ಮಂದ. ಮಂದಿ ಅವರನ್ನ ಕರೆಯೂದೇ ಬೆಹರೇ ವಹೀದ್ ಖಾನ್ ಅಂತ. ಕಿವಿ ಮಂದ ಇರೋ ಗುರು, ಕಣ್ಣಿಲ್ಲದ ಶಿಷ್ಯ. ಒಬ್ಬರ ಮುಂದೊಬ್ಬರು ಕೂತು ರಾಗ ಕಲಿತಾರ, ಕಲಸ್ತಾರ. ಅದೂ ಎಂಥಾ ಗಾಯಕಿ? ಝೂಮ್ರಾ ತಾಳದಾಗ ಅತಿ ವಿಲಂಬಿತ, ಒಂದೊಂದು ಸ್ವರಾನೂ ಸಾವಕಾಶ ಬಿಡಿಸ್ಕೋತ ಹೋಗೂದು. ನಡೆದಾಡುವ ದೇವರು ಅಂದುಬಿಟ್ರ ಇದು ಯಾವುದೂ ಕಾಣೂದಿಲ್ಲ ನೋಡ್ರಿ. ದೇವರಿಗೆ ಯಾರೂ ರಿಯಾಜ್ ಎಷ್ಟು ತಾಸು ಮಾಡ್ತಿದ್ರಿ ಅಂತ ಕೇಳೂದಿಲ್ಲ.

ಮಾಸ್ತರು: ಕೇಳೂದಿಲ್ಲ ಖರೆ. ಆದ್ರ ದೇವರಿಗೆ ಜ್ವಾಳದ ಚೀಲ ಕೊಡ್ತಾರ. ಗಾಯಕರಿಗೆ ಕೊಡ್ತಾರೇನು?

ಹುಡುಗಿ: ಇದೇನು ಮಾತು?

ಮಾಸ್ತರು: ಇದೇ ಮಾತು. ನೀ ಕಲತ ಕಾಲೇಜಿಗೆ ಸರಕಾರ ಪಗಾರ ಕೊಡತೈತಿ. ಗವಾಯಿಗಳ ಗುರುಕುಲಕ್ಕ ಮೊದಮೊದಲು ಗೋಡಿನೂ ಇರಲಿಲ್ಲ. ಕಣ್ಣಿಲ್ಲದ ಹುಡುಗರನ್ನ ಕಟಿಗೊಂಡು ಊರೂರು ತಿರಗತಿದ್ರು. ಇವತ್ತೊಂದು ಊರಿನ ಮಠ, ನಾಳೆ ಇನ್ನೊಂದು ಊರಿನ ಗುಡಿ. ಬರಗಾಲ ಬಿದ್ದ ವರ್ಷ ಬ್ಯಾರೆ. ಅಂಥಾದರಾಗ ಒಬ್ಬ ಬಾಯಿ ಬಂದು ಮೊರದಾಗ ಅಕ್ಕಿ ಸುರಿಬೇಕಾದ್ರ ಆಕಿ ಮನಸ್ಸಿನಾಗ ಏನಿರಬೇಕು? ಕಿರಾಣಾ ಘರಾಣೆ ಉಳೀಲಿ ಅಂತೇನು? ಸ್ವಾಮಿಗಳು ಬಂದಾರ, ಅವರ ಜೋಡಿ ಅನಾಥ ಮಕ್ಕಳು ಬಂದಾವ ಅಂತ ಸುರೀತಾಳ. ಆ ಭಕ್ತಿ ಇರಲಿಲ್ಲಂದ್ರ ನೀ ಹೇಳೋ ವಿಲಂಬಿತ ಹಾಡಾಕ ಹೊಟ್ಟಿಯೊಳಗ ಉಸಿರೇ ಇರತಿರಲಿಲ್ಲ.

ಈ ಮಾತಿಗೆ ಹುಡುಗಿ ತಟ್ಟನೆ ಉತ್ತರ ಕೊಡಲಿಲ್ಲ. ನಿಜ ಹೇಳಬೇಕೆಂದರೆ ಕೊಡುವುದು ಕಷ್ಟವೂ ಹೌದು. ಆ ಗುರುಕುಲ ಮುಂದೆ ನೆಲೆ ನಿಂತ ಗದಗಿನ ವೀರೇಶ್ವರ ಪುಣ್ಯಾಶ್ರಮದ ಅನ್ನ ಬಂದದ್ದು ಜೋಳಿಗೆಯಿಂದ, ನಾಟಕದ ಟಿಕೆಟ್ಟಿನಿಂದ, ಶಿಷ್ಯ ಪುಟ್ಟರಾಜ ಗವಾಯಿಗಳ ಕಾಲಕ್ಕೆ ಲೆಕ್ಕವಿಡಲಾಗದಷ್ಟು ತುಲಾಭಾರಗಳಿಂದ. ತಕ್ಕಡಿಯ ಒಂದು ಕಡೆ ಗವಾಯಿಗಳು, ಇನ್ನೊಂದು ಕಡೆ ನಾಣ್ಯ. ಆ ನಾಣ್ಯ ಮಕ್ಕಳ ಊಟ, ಬಟ್ಟೆ, ತಬಲಾ ಆಗುತ್ತಿತ್ತು.

ಹುಡುಗಿ: ಅನ್ನದ ಮಾತು ಒಪ್ಪಿದೆ. ಆದ್ರ ಅಂದು ಅನ್ನಕ್ಕ ಬೇಕಾದ ಮಾತು ಇಂದು ನೆನಪಿಗೂ ಬೇಕೇನು? ಈ ಗುಡೀನೇ ನೋಡ್ರಿ. 1238ರಾಗ ಸಾವಂತ ಠಕ್ಕುರ ಕಟ್ಟಿಸಿದ ಅಂತ ನಾವೆಲ್ಲಾ ಓದೀವಿ. ಈ ಕಂಬ ತಿರುವಿದ ಕೈ ಯಾರದು? ನಿಮಗ ಗೊತ್ತೇನು, ನನಗ ಗೊತ್ತೇನು? ಹಾಡಿನ ಗತೀನೂ ಹಂಗ ಆಗಬಾರದು ಅಂತ ನನ್ನ ಹಟ. ಹೆಸರು ಪೂಜೆಗೆ, ಕೆಲಸ ಮರೆವಿಗೆ.

ಮಾಸ್ತರು: ಹಂಗಾದ್ರ ಹೇಳು, ಏನು ಕೆಲಸ? ಭಜನಿಯವರಿಗೆ ತಿಳಿಯೂ ಹಂಗ ಹೇಳು. ಅವರು ಝೂಮ್ರಾ ಅಂದ್ರ ಝೂಮರು ಅಂತ ತಿಳಕೊಂಡು ಮ್ಯಾಲ ನೋಡ್ತಾರ.

ಹುಡುಗಿ: (ನಗುತ್ತಾ) ಆತು, ವಚನಾನೇ ತಗೊಳ್ರಿ. ದಾಸರ ಪದಕ್ಕ ಪಲ್ಲವಿ ಐತಿ, ಚರಣ ಐತಿ, ತಾಳಕ್ಕ ಕೂಡೂ ಹಂಗ ಕಟ್ಟ್ಯಾರ. ವಚನ ಹಂಗಲ್ಲ. ಒಂದು ಸಾಲು ನಾಕು ಮಾತಿಂದು, ಮುಂದಿನ ಸಾಲು ಹದಿನಾಕು ಮಾತಿಂದು. ಪ್ರಾಸ ಬಂದ್ರ ಬಂತು, ಇಲ್ಲಂದ್ರ ಇಲ್ಲ. ಅದು ಹಾಡಲ್ಲ, ಆಡಿದ ಮಾತು. ಅದನ್ನ ಹದಿನಾರು ಮಾತ್ರೆಯ ತೀನತಾಲಿನಾಗ ಕೂಡಸಬೇಕು. ಹೆಂಗ ಕೂಡಸ್ತೀರಿ?

ಮಾಸ್ತರು: ಎಳೀಬೇಕು. ಎಲ್ಲಿ ಮಾತು ಕಡಿಮಿ ಬೀಳತೈತೋ ಅಲ್ಲಿ ಆಲಾಪ.

ಹುಡುಗಿ: ಎಳೀರಿ, ಆದ್ರ ಎಲ್ಲಿ ಎಳೀತೀರಿ ಅನ್ನೂದರ ಮ್ಯಾಲ ಅರ್ಥ ನಿಂತೈತಿ. ತಪ್ಪು ಜಾಗಾದಾಗ ಎಳದ್ರ ಬಸವಣ್ಣ ಹೇಳಿದ್ದೊಂದು, ಕೇಳಿದ್ದೊಂದು ಆಗತೈತಿ. ಪ್ರಶ್ನೆ ಕೇಳೋ ಸಾಲನ್ನ ಸಮದ ಮ್ಯಾಲ, ಅಂದ್ರ ತಾಳದ ಮೊದಲ ಪೆಟ್ಟಿನ ಮ್ಯಾಲ, ತಂದು ಕುಕ್ಕಿದ್ರ ಅದು ಪ್ರಶ್ನೆ ಆಗಿ ಉಳೀದಿಲ್ಲ, ಅಪ್ಪಣೆ ಆಗತೈತಿ. ಕೊನಿಗೆ ಅಂಕಿತ ಬರತೈತಲ್ಲ, ಅಲ್ಲಿತನಕ ಸಮಕ್ಕ ಇಳಿಯದ ತಡಕೊಂಡು ಹೋಗಿ, ಅಂಕಿತದ ಮ್ಯಾಲ ಇಳದ್ರ ಕೇಳೋರು ತಾವೇ ಕೈ ಮುಗೀತಾರ. ಇದನ್ನ ಮಾಡೂದು ಸಂಯೋಜಕ. ಧಾರವಾಡ ಸೀಮಿಯೊಳಗ ಖಯಾಲು ಹಾಡೋರು ಕಚೇರಿ ಮುಗಸಾಕ ವಚನ ಹಾಡೋ ರೂಢಿ ಬೆಳೀತು. ಬಸವರಾಜ ರಾಜಗುರುಗಳು ಹಾಡಿದ್ರು, ಮಲ್ಲಿಕಾರ್ಜುನ ಮನಸೂರರು ಹಾಡಿದ್ರು, ಈಗ ವೆಂಕಟೇಶ ಕುಮಾರ್ ಹಾಡ್ತಾರ. ಇದರಾಗ ರಾಜಗುರುಗಳು ಪಂಚಾಕ್ಷರ ಗವಾಯಿಗಳ ಕೈಯಾಗ ಬೆಳೆದವರು, ವೆಂಕಟೇಶ ಕುಮಾರರು ಪುಟ್ಟರಾಜರ ಕೈಯಾಗ ಬೆಳೆದವರು. ಇದು ಯೋಗಾನೋ ಏನೋ ನನಗ ಗೊತ್ತಿಲ್ಲ. ಕೆಲಸ ಅನ್ನೂದು ಮಾತ್ರ ಗೊತ್ತು.

ಮಾಸ್ತರು: ಛಲೋ ಹೇಳಿದಿ. ಇದನ್ನ ಕಾರ್ಯಕ್ರಮದಾಗ ಹಾಡಿ ತೋರಸು. ಕರಪತ್ರದಾಗ ಬ್ಯಾಡ.

ಹುಡುಗಿ: ಕರಪತ್ರದಾಗ ಮತ್ತ ಏನು?

ಮಾಸ್ತರು: ತಂದೆ ಅಂತ ಬರೀಬೇಕು. ಅಂಧ-ಅನಾಥರ ತಂದೆ. ದೇವರು ಬ್ಯಾಡ ಅಂದಿ, ಬಿಟ್ಟೆ. ಇದನ್ನ ಬಿಡೂದಿಲ್ಲ.

ಹುಡುಗಿ: ಅದೂ ಒಂದು ಬಿರುದೇ ಅಲ್ರಿ? ನೈಷ್ಠಿಕ ಬ್ರಹ್ಮಚಾರಿಗಳು. ಮಕ್ಕಳಿಲ್ಲ, ಮರಿಯಿಲ್ಲ. ನೂರಾರು ಹುಡುಗರಿಗೆ ಒಬ್ಬರೇ ತಂದೆ ಅಂದ್ರ ಹೆಂಗ ತಂದೆ? ಒಂದು ಮಗುವಿನ ಜ್ವರಕ್ಕ ರಾತ್ರಿಯೆಲ್ಲಾ ಎಚ್ಚರ ಇರೋವ ತಂದೆ. ನೂರು ಮಂದಿ ಇದ್ದಲ್ಲಿ ಇರೂದು ವಾರ್ಡನ್ನು.

ಮಾಸ್ತರು: (ಕನ್ನಡಕ ತೆಗೆದು) ನೀ ಹಂಪಿಯ ಸುದ್ದಿ ಕೇಳೀಯೇನು? ರಾಜಗುರುಗಳು ಧಾರವಾಡ ಜಿಲ್ಲೆಯ ಯಲಿವಾಳದವರು. ಅವರಪ್ಪ ಮಹಾಂತಸ್ವಾಮಿಗಳು ತಂಜಾವೂರಿಗೆ ಹೋಗಿ ಕರ್ನಾಟಕ ಸಂಗೀತ ಕಲತು ಬಂದವರು. ಮಗನಿಗೂ ಅವರೇ ಮೊದಲ ಗುರು. ಹುಡುಗ ಹದಿಮೂರು ಆಗೂದರೊಳಗ ಅಪ್ಪ ತೀರಕೊಂಡ್ರು. ಅದಕ್ಕೂ ಮೊದಲೇ ಹುಡುಗ ವಾಮನರಾವ್ ಮಾಸ್ತರರ ನಾಟಕ ಕಂಪನಿಯೊಳಗ ಹಾಡಿದವ. ಅಂಥಾ ಹುಡುಗನ ದನಿ ಗವಾಯಿಗಳ ಕಿವೀಗೆ ಬಿತ್ತು, ಕರಕೊಂಡು ಹೋದ್ರು. 1936ರಾಗ ವಿಜಯನಗರ ಸ್ಥಾಪನೆಯ 600ನೇ ವರ್ಷದ ಉತ್ಸವ ಹಂಪಿಯೊಳಗ ನಡೀತು. ಅಷ್ಟು ದೊಡ್ಡ ಸಭಾ. ಆ ಸಭಾದಾಗ ಶಿಷ್ಯ ಹಾಡಿದ. ತಬಲಾ ಯಾರು ನುಡಿಸಿದ್ರು?

ಹುಡುಗಿ: ಗವಾಯಿಗಳೇ.

ಮಾಸ್ತರು: ಗವಾಯಿಗಳೇ! ಸ್ವಂತ ಹಾಡಿದ್ರ ಸಭಾ ಇವರ ಕಾಲಿಗೆ ಬೀಳತಿತ್ತು. ಆದ್ರ ಬಾಜೂಕ ಕೂತ್ರು, ಹುಡುಗನಿಗೆ ಠೇಕಾ ಕೊಟ್ರು. ವಾರ್ಡನ್ನು ಹಂಗ ಕೂಡತಾನೇನು? ನಿನ್ನ ಕೂಸು ಮೊದಲ ಸಲ ಸ್ಟೇಜ್ ಹತ್ತಿದಾಗ ಅದರ ತಾಳ ತಪ್ಪಬಾರದು ಅಂತ ಕೈ ಹಿಡಕೊಂಡು ಕೂಡೂದು ಅಪ್ಪನ ಕೆಲಸ.

ಹುಡುಗಿ: ಗುರುವಿನ ಕೆಲಸಾನೂ ಹೌದು.

ಮಾಸ್ತರು: ಎರಡೂ ಬ್ಯಾರೆ ಅಂತ ನಿನಗ ಯಾರು ಹೇಳಿದ್ರು?

ಹುಡುಗಿ: ಬ್ಯಾರೆನೇ, ಮಾಸ್ತರ. ಭೀಮಸೇನ ಜೋಶಿಯವರ ತಂದೆ ನೋಡ್ರಿ. ಗುರುರಾಜ ಜೋಶಿ, ಗದಗಿನಾಗ ಸಾಲಿ ಮಾಸ್ತರು, ನಿಮ್ಮಂಗ. 1933ರಾಗ ಹನ್ನೊಂದು ವರ್ಷದ ಮಗ ಗುರುವನ್ನ ಹುಡಕತೀನಿ ಅಂತ ಮನಿ ಬಿಟ್ಟು ಓಡಿ ಹೋದ. ಎಲ್ಲೆಲ್ಲೋ ಅಡ್ಡಾಡಿ ಜಲಂಧರ ಮುಟ್ಟಿದ್ದ. ಅಪ್ಪ ಹುಡಕಿಕೊಂಡು ಹೋಗಿ ಮನೀಗೆ ಕರಕೊಂಡು ಬಂದ. ಆಮ್ಯಾಲ ಕುಂದಗೋಳದಾಗ ಸವಾಯಿ ಗಂಧರ್ವರ ಹತ್ರ ಬಿಟ್ಟ. ಅಪ್ಪನಿಗೆ ಹಾಡಾಕ ಬರಬೇಕಂತಿಲ್ಲ. ಮಗನ ಹಟ ತನಗ ತಿಳೀದಿದ್ರೂ ಹಟಕ್ಕ ದಾರಿ ಮಾಡಿಕೊಡ್ತಾನ. ಗುರು ತನಗ ಏನು ಬರತೈತೋ ಅದನ್ನ ಕೊಡ್ತಾನ. ಮಗಳ ಸಲುವಾಗಿ ತನಗ ಬಂದದ್ದನ್ನೂ ಬಾಯಿ ಮುಚ್ಚಿಕೊಂಡು ಬಿಟ್ಟವರು ಗಂಗೂಬಾಯಿ ಹಾನಗಲ್ಲರ ತಾಯಿ ಅಂಬಾಬಾಯಿ. ಕರ್ನಾಟಕಿ ಹಾಡತಿದ್ರು. ಮಗಳ ಹಿಂದೂಸ್ತಾನಿಯೊಳಗ ತನ್ನ ಹಾಡಿಕಿ ಬೆರೀಬಾರದು ಅಂತ ಹಾಡೂದನ್ನೇ ಬಿಟ್ರು. ಹೆಸರಿನಾಗ ಹಾನಗಲ್ಲು ನಮ್ಮದೇ. ತಾಯಿ ನೆನಪಿಗೆ ನಾವು ಎಷ್ಟು ಕಾರ್ಯಕ್ರಮ ಮಾಡೀವಿ?

ಮಾಸ್ತರು: ಮಾಡಿಲ್ಲ. ಮಾಡೋಣು. ಮುಂದಿನ ವರ್ಷ ನೀನೇ ಮಾಡು, ಪೇಟಿ ನಾ ತರತೀನಿ.

ಹುಡುಗಿ: ಪೇಟಿ ಬಿಟ್ಟು ನೀವೆಲ್ಲಿ ಹೋಗ್ತೀರಿ!

ಮಾಸ್ತರು: ಚಾಷ್ಟಿ ಸಾಕು. ಅಪ್ಪ, ಅವ್ವ, ಗುರು ಅಂತ ನೀ ಗೆರಿ ಕೊರದಿ. ಗಡಿಗೆಯ್ಯನ ಮುಂದ ಆ ಗೆರಿ ನಿಲ್ಲೂದಿಲ್ಲ. ಗಡಿಗೆಯ್ಯ ಅಂದ್ರ ಪಂಚಾಕ್ಷರ ಗವಾಯಿಗಳು, ಹುಟ್ಟಿದಾಗ ಇಟ್ಟ ಹೆಸರು. 1892ರಾಗ ಹುಟ್ಟಿದ್ದು ಇದೇ ತಾಲೂಕಿನ ಕಾಡಶೆಟ್ಟಿಹಳ್ಳಿಯೊಳಗ. ಅಣ್ಣನಿಗೂ ಕಣ್ಣಿಲ್ಲ, ತಮ್ಮನಿಗೂ ಕಣ್ಣಿಲ್ಲ. ಎರಡೂ ಮಕ್ಕಳು ಹಂಗಾದಾಗ ಹಡೆದವರು ಏನು ಮಾಡಬೇಕು? ಹಾನಗಲ್ಲ ಕುಮಾರಸ್ವಾಮಿಗಳು ಅವರ ದನಿ ಕೇಳಿದ್ರು, ತಮ್ಮ ಆಸರಕ್ಕ ತಗೊಂಡ್ರು. 1904ರಾಗ ವೀರಶೈವ ಮಹಾಸಭಾ ಕಟ್ಟಿದವರು, 1909ರಾಗ ಬಾದಾಮಿ ಹತ್ರ ಶಿವಯೋಗಮಂದಿರ ಕಟ್ಟಿದವರು. ಅಷ್ಟು ದೊಡ್ಡ ಕೆಲಸದ ನಡುವ ಕಾಡಶೆಟ್ಟಿಹಳ್ಳಿ ಹುಡುಗನಿಗೆ ಸಂಗೀತ ಕಲಸಾಕ ಮೈಸೂರಿಗೆ ಕಳಿಸೋ ನೆನಪು ಅವರಿಗಿತ್ತು. ಇದು ಗುರು ಮಾಡೂದೋ, ಅಪ್ಪ ಮಾಡೂದೋ?

ಹುಡುಗಿ: ಮಠಾಧೀಶರು ಮಾಡೂದು ಅನ್ನಬಹುದಲ್ಲ.

ಮಾಸ್ತರು: ನಿನ್ನ ನಾಲಗಿಗೆ ಎಲಬಿಲ್ಲ. ಇರಲಿ, ಮುಂದ ಕೇಳು. ಪುಟ್ಟಯ್ಯಜ್ಜನೂ, ಅಂದ್ರ ಪುಟ್ಟರಾಜ ಗವಾಯಿಗಳೂ, ಇದೇ ಹಾನಗಲ್ ಸೀಮಿಯವರು, 1914ರಾಗ ಹುಟ್ಟಿದವರು. ಕೂಸಿದ್ದಾಗಲೇ ಕಣ್ಣು ಹೋದವು, ಅಪ್ಪನೂ ಹೋದ. ಸ್ವಾದರಮಾವ ಸಾಕಿದ. ಆಮ್ಯಾಲ ಪಂಚಾಕ್ಷರ ಗವಾಯಿಗಳ ಮಡಿಲಿಗೆ ಬಿದ್ರು. ಅವರು ಬರೆದ ವಚನಗಳಿಗೆ ಅಂಕಿತ ಏನು ಗೊತ್ತೇನು?

ಹುಡುಗಿ: ಗುರುಕುಮಾರ ಪಂಚಾಕ್ಷರೇಶ್ವರ.

ಮಾಸ್ತರು: ಬಿಡಿಸಿ ನೋಡು. ಕುಮಾರ ಅಂದ್ರ ಹಾನಗಲ್ಲ ಕುಮಾರಸ್ವಾಮಿಗಳು. ಪಂಚಾಕ್ಷರ ಅಂದ್ರ ತನ್ನ ಗುರು. ನಾವು ರೇಶನ್ ಕಾರ್ಡಿನಾಗ ಅಪ್ಪನ ಹೆಸರು, ಅಜ್ಜನ ಹೆಸರು ಬರಸ್ತೀವಲ್ಲ, ಅವರು ಅದನ್ನ ವಚನದ ಕೊನಿಗೆ ಬರಕೊಂಡ್ರು. ಹಡೆದಪ್ಪನ ಮುಖ ನೋಡದವ ಎರಡು ತಲಿ ಅಪ್ಪಂದಿರನ್ನ ಹುಡಕಿಕೊಂಡ. ವಾರ್ಡನ್ನಿನ ಹೆಸರು ಅಂಕಿತದಾಗ ಯಾರು ಇಡ್ತಾರ?

ಹುಡುಗಿ ಸುಮ್ಮನಾದಳು. ಒಪ್ಪಿ ಸುಮ್ಮನಾದಳೋ ಇನ್ನೊಂದು ಬಾಣ ಹುಡುಕಲು ಸುಮ್ಮನಾದಳೋ ಹೇಳುವುದು ಕಷ್ಟ. ಅಂಕಿತದ ಈ ಮಾತು ನನ್ನ ಮಟ್ಟಿಗೆ ಮಾಸ್ತರರ ಬತ್ತಳಿಕೆಯ ದೊಡ್ಡ ಬಾಣ. ಇಷ್ಟರ ಮೇಲೆ ‘ತಂದೆ’ ಎಂದು ಕರಪತ್ರದಲ್ಲಿ ಬರೆದರೆ ಯಾರೂ ತಪ್ಪು ಹುಡುಕಲಾರರು. ಆದರೆ ತಂದೆ ಎಂದಕೂಡಲೇ ಮಾತು ಮಕ್ಕಳ ಕಡೆಗೆ ತಿರುಗಲೇಬೇಕು. ಹುಡುಗಿ ಅಲ್ಲಿಗೇ ಬಂದಳು.

ಹುಡುಗಿ: ಆತು, ತಂದೆ ಅನ್ರಿ. ಅಂದಮ್ಯಾಲ ತಂದೆಗೆ ಕೇಳೋ ಪ್ರಶ್ನೆ ಕೇಳಬೇಕಲ್ಲ. ಮಗನಿಗೆ ಏನಾಗೂ ಮನಸ್ಸಿತ್ತು? ಕಣ್ಣಿಲ್ಲ ಅಂದಕೂಡಲೇ ಸಂಗೀತ. ಪೇಟಿ, ತಬಲಾ, ಭಜನಿ. ಯಾಕ? ಕಣ್ಣಿಲ್ಲದ ಹುಡುಗನಿಗೆ ಗಣಿತ ಸೇರಬಾರದೇನು? ವಕೀಲ ಆಗಬಾರದೇನು? ಸಂಗೀತ ಕೊಟ್ಟು ದಾರಿ ತೆರೆದ್ರು ಅಂತೀರಿ. ಅದೇ ಹೊತ್ತಿಗೆ ಉಳಿದ ದಾರಿ ಮುಚ್ಚಲಿಲ್ಲೇನು?

ಮಾಸ್ತರು: ಉಳಿದ ದಾರಿ ಯಾವು? 1914, 1920ರ ಮಾತು ಇದು. ನಮ್ಮ ಸೀಮಿಯೊಳಗ ಕಣ್ಣಿಲ್ಲದ ಹುಡುಗನಿಗೆ ಇದ್ದದ್ದು ಎರಡೇ ಜಾಗಾ. ಒಂದು ಮನಿ ಹಿತ್ತಲ, ಇನ್ನೊಂದು ಗುಡಿ ಬಾಗಲ.

ಹುಡುಗಿ: ಮೈಸೂರಿನಾಗ 1901ರಾಗೇ ಕಿವುಡ-ಕುರುಡ ಮಕ್ಕಳ ಸಾಲಿ ಸುರು ಆಗಿತ್ತು.

ಮಾಸ್ತರು: ಮೈಸೂರು ಮಹಾರಾಜರ ರಾಜ್ಯ. ನಾವು ಮುಂಬೈ ಇಲಾಖೆಯ ಧಾರವಾಡ ಜಿಲ್ಲಾ. ಇಲ್ಲಿ ಬಡವರ ಮನಿ ಕೂಸನ್ನ ಅಲ್ಲಿಗೆ ಮುಟ್ಟಿಸೋರು ಯಾರು? ಇಡೀ ದೇಶದ ಭಾಷೆಗಳಿಗೆ ಹೊಂದೂ ಹಂಗ ಒಂದು ಬ್ರೈಲ್ ಲಿಪಿ ಒಪ್ಪಿದ್ದೇ 1951ರಾಗ, ಗವಾಯಿಗಳು ಹೋಗಿ ಏಳು ವರ್ಷ ಆದಮ್ಯಾಲ. ಕೈಗೆ ಪುಸ್ತಕ ಇಲ್ಲ, ಕಣ್ಣಿಗೆ ಹಲಗಿ ಇಲ್ಲ. ಕಿವಿ ಒಂದೇ ಇತ್ತು. ಕಿವಿಯಿಂದ ಹೋಗೂ ದಾರಿ ಅವರು ನಡದು ನೋಡಿದ್ರು, ಅದನ್ನೇ ತೋರಿಸಿದ್ರು. ಪುಟ್ಟಯ್ಯಜ್ಜ ಮುಂದ ಬ್ರೈಲ್ ಕಲತ್ರು. ಕನ್ನಡ, ಹಿಂದಿ, ಸಂಸ್ಕೃತ ಮೂರರಾಗೂ ಬರದ್ರು, ನಾಟಕ ಬರದ್ರು, ಭಗವದ್ಗೀತೆ ಬ್ರೈಲಿಗೆ ತಂದ್ರು. ದಾರಿ ಮುಚ್ಚೋ ಮನುಷ್ಯಾ ಹಿಂಗ ಮಾಡ್ತಾನೇನು?

ಹುಡುಗಿ: ಪುಟ್ಟರಾಜರು ಪುಟ್ಟರಾಜರು, ಮಾಸ್ತರ. ನೂರರಾಗ ಒಬ್ಬರು. ಉಳಿದ ತೊಂಬತ್ತೊಂಬತ್ತು ಮಂದಿ? ಆಶ್ರಮದಿಂದ ಬಂದವರ ಹೆಸರು ಹೇಳೂವಾಗ ನಾವು ರಾಜಗುರು ಅಂತೀವಿ, ವೆಂಕಟೇಶ ಕುಮಾರ್ ಅಂತೀವಿ. ಇಬ್ಬರಿಗೂ ಕಣ್ಣು ಇದ್ದವು! ಇದರ ಬಗ್ಗೆ ಯಾರೂ ವಿಚಾರ ಮಾಡೂದಿಲ್ಲ ನೋಡ್ರಿ. ಅಂಧರ ಆಶ್ರಮದ ದೊಡ್ಡ ಗಾಯಕರು ಅಂತ ನಾವು ಎಣಿಸೂದು ಕಣ್ಣಿದ್ದವರನ್ನ. ಕಣ್ಣಿಲ್ಲದವರು ಎಲ್ಲಿ ಹೋದ್ರು? ಪುರಾಣ ಹೇಳೋರ ಹಿಂದ ಪೇಟಿ ಹಿಡದು ಕೂತಾರ. ಹಳ್ಳಿ ಹಳ್ಳಿ ಶ್ರಾವಣದಾಗ ತಿಂಗಳಗಟ್ಲೆ ತಬಲಾ ಬಾರಿಸ್ಯಾರ. ಅವರ ಫೋಟೋಕ್ಕ ಹಾರ ಯಾರೂ ಹಾಕೂದಿಲ್ಲ.

ಮಾಸ್ತರು: ಹಾರ ಇಲ್ಲದಿದ್ರ ಬಿಡು, ಅನ್ನ ಐತಿ. ನೀ ಅದನ್ನ ಸಣ್ಣದು ಅಂತ ತಿಳಕೋಬ್ಯಾಡ. ಶ್ರಾವಣದಾಗ ನಮ್ಮೂರಿಗೆ ಪುರಾಣಕ್ಕ ಬರೋ ತಬಲಾದವ ತನ್ನ ಸಂಪಾದನಿಯೊಳಗ ತಂಗೀ ಲಗ್ನ ಮಾಡ್ಯಾನ. ಊರಾಗ ಅವನನ್ನ ಗವಾಯಿಗಳೇ ಅಂತಾರ, ಕಟ್ಟೀ ಮ್ಯಾಲ ಕೂಡಸ್ತಾರ. ಗುಡಿ ಬಾಗಲದಾಗ ತಟ್ಟಿ ಹಿಡದು ಕೂಡೋ ಜಾಗಾದಿಂದ ಗುಡಿಯೊಳಗ ಗಾದಿ ಮ್ಯಾಲ ಕೂಡೋ ಜಾಗಾಕ್ಕ ಬಂದಾನ. ಎಷ್ಟು ದೂರ ಅದು? ನಿನ್ನ ಲೆಕ್ಕದಾಗ ರಾಜಗುರು ಆಗಲಿಲ್ಲಂದ್ರ ಅದು ಸೋಲು. ಗವಾಯಿಗಳ ಲೆಕ್ಕದಾಗ ಅದೇ ಗೆಲವು. ನೂರು ರಾಜಗುರುಗಳನ್ನ ಮಾಡಾಕ ಅವರು ಹೊಂಟಿರಲೇ ಇಲ್ಲ.

ಹುಡುಗಿ: ಹಂಗಾದ್ರ ಅದನ್ನ ಬರೀರಿ. ಎಷ್ಟು ಮಂದಿ ಹೊಟ್ಟಿ ತುಂಬ ಉಂಡ್ರು, ಎಷ್ಟು ಮಂದಿ ಸ್ವಂತ ಮನಿ ಕಟ್ಟಿದ್ರು. ಪದ್ಮಭೂಷಣದ ಮಾತು ಬ್ಯಾಡ.

ಮಾಸ್ತರು: ಪದ್ಮಭೂಷಣ ಯಾಕ ಬಿಡಬೇಕು? 2010ರಾಗ ಪುಟ್ಟಯ್ಯಜ್ಜನಿಗೆ ಬಂತು. ಅದೇ ವರ್ಷ ಸಪ್ಟೆಂಬರ್ 17ಕ್ಕ ಅಜ್ಜಾವರು ಹೋದ್ರು, ತೊಂಬತ್ತಾರು ವರ್ಷಕ್ಕ. ಗದಗಿಗೆ ಆ ದಿನ ಬಂದ ಮಂದಿ ನೋಡಿದ್ದಿ ಅಂದ್ರ ಹಿಂಗ ಮಾತಾಡತಿರಲಿಲ್ಲ.

ಹುಡುಗಿ: ನಾನಾಗ ಸಣ್ಣಾಕಿ, ಟಿವಿಯೊಳಗ ನೋಡಿದ್ದೆ. ಅಷ್ಟು ಮಂದಿಯೊಳಗ ಅವರು ಕಟ್ಟಿದ ಒಂದು ಹಾಡು ಪೂರ್ತಿ ಹಾಡೋರು ಎಷ್ಟು ಮಂದಿ ಇದ್ರು ಅಂತ ಈಗ ಅನಸ್ತೈತಿ. ಪಂಚಾಕ್ಷರ ಗವಾಯಿಗಳಂತೂ ನಮ್ಮ ಓಣಿಗೆ ಸಿನಿಮಾದಿಂದನೇ ಗೊತ್ತು. ಚಿಂದೋಡಿ ಬಂಗಾರೇಶ್ ತೆಗೆದದ್ದು, 1995ರದ್ದು. ಹಾಡಿದ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೆ ರಾಷ್ಟ್ರಪ್ರಶಸ್ತಿ, ಸಂಗೀತಕ್ಕ ಹಂಸಲೇಖರಿಗೆ ರಾಷ್ಟ್ರಪ್ರಶಸ್ತಿ. ಛಲೋ ಹಾಡು, ನಾನೂ ಹಾಡ್ತೀನಿ. ಆದ್ರ ನಮ್ಮ ಮಂದಿ ಗವಾಯಿಗಳ ಸಂಗೀತ ಅಂತ ಗುನುಗೂದು ಹಂಸಲೇಖರ ಸಂಗೀತ!

ಮಾಸ್ತರು: ಗುನುಗಲಿ ಬಿಡು. ಆ ಸಿನಿಮಾ ನೋಡಿ ಎಷ್ಟು ಅಪ್ಪಂದಿರು ಮಕ್ಕಳ ಕೈ ಹಿಡಕೊಂಡು ಗದಗಿಗೆ ಹೋಗ್ಯಾರೋ ಏನೋ. ಹಾಡು ಯಾರದಾದ್ರೇನು, ದಾರಿ ತೋರಿಸ್ತು.

ಹುಡುಗಿ: ಹಾಡು ಯಾರದಾದ್ರೇನು ಅಂತ ಗವಾಯಿಗಳ ಮುಂದ ಅಂದಿದ್ರ ಅವರು ನಿಮಗ ತಬಲಾದ ಹತೋಡಿ ತಗೊಂಡು ಹೊಡೀತಿದ್ರು.

ಮಾಸ್ತರು ಜೋರಾಗಿ ನಕ್ಕರು. ಕರಪತ್ರದ ಹಾಳೆಯ ಮೇಲೆ ಈಗ ಬಿರುದುಗಳಿಗೆಲ್ಲ ಗೀಟು ಬಿದ್ದಿದೆ, ‘ತಂದೆ’ ಉಳಿದಿದೆ, ಅದರ ಪಕ್ಕ ಹುಡುಗಿಯ ಕೈಬರಹದಲ್ಲಿ ‘ಸಂಯೋಜಕ, ಸಂಗೀತ ಶಿಕ್ಷಕ’ ಎಂದು ಸೇರಿದೆ. ಇಷ್ಟಕ್ಕೇ ಮಾತು ಮುಗಿಯಬಹುದಿತ್ತು. ಆದರೆ ಮಾಸ್ತರರ ಹೊಟ್ಟೆಯಲ್ಲಿ ಇನ್ನೊಂದು ಸಂಗತಿ ಇತ್ತು.

ಮಾಸ್ತರು: ಒಂದು ಕೇಳೂದಿತ್ತು. ಕೆರಿ ಕಡಿ ಓಣಿಯವ ಒಬ್ಬ ಮೊನ್ನೆ ಬಂದಿದ್ದ. ಮಗನಿಗೆ ಕಣ್ಣು ಕಾಣಸೂದಿಲ್ಲ, ಈ ವರ್ಷ ಸಾಲಿಗೆ ಹಾಕೋ ವಯಸ್ಸು. ಏನು ಮಾಡ್ಲಿ ಮಾಸ್ತರ ಅಂದ. ಗದಗಿಗೆ ಕರಕೊಂಡು ಹೋಗು ಅಂತ ಹೇಳಿ ಕಳಿಸೇನಿ. ನೀ ಏನಂತೀ?

ಹುಡುಗಿ: ಹುಡುಗ ಹಾಡ್ತಾನೇನು?

ಮಾಸ್ತರು: ಅದನ್ನ ಕೇಳಲಿಲ್ಲ.

ಹುಡುಗಿ: ನೋಡ್ರಿ ಮತ್ತ!

ಮಾಸ್ತರು: ಏನು ನೋಡ್ಲಿ? ಅಲ್ಲಿ ಬರೇ ಸಂಗೀತ ಅಲ್ಲ, ಸಾಲೀನೂ ನಡೀತಾವ. ಊಟ ಐತಿ, ಜೋಡೀಗೆ ಅವನಂಥಾ ಹುಡುಗರು ಅದಾರ. ಇಲ್ಲಿ ಏನೈತಿ? ನಮ್ಮೂರ ಸಾಲಿಯೊಳಗ ಅವನಿಗೆ ಬ್ರೈಲ್ ಕಲಸೋರು ಯಾರು? ನಿನ್ನ ಮೊಬೈಲೇನು?

ಹುಡುಗಿ: ಮೊಬೈಲೂ ಕಲಸತೈತಿ ಈಗ. ಅಕ್ಷರ ಓದಿ ಹೇಳತೈತಿ, ಅವ ಹೇಳಿದ್ದನ್ನ ಬರೀತೈತಿ. ನನ್ನ ಹತ್ರ ಕಲಿಯೋ ಮಕ್ಕಳಾಗ ಕಣ್ಣು ಕಾಣದ ಹುಡುಗಿ ಒಬ್ಬಾಕಿ ಅದಾಳ. ಆಕಿಗೆ ಸಂಗೀತ ಭಾನುವಾರದ ಖುಷಿ, ವಾರವೆಲ್ಲಾ ಓದೂದು ವಿಜ್ಞಾನ.

ಮಾಸ್ತರು: ಆಕಿ ಅಪ್ಪ ಎಲ್ಲಿರ್ತಾನ?

ಹುಡುಗಿ: ಬೆಂಗಳೂರಾಗ.

ಮಾಸ್ತರು: ಹ್ಞಾಂ. ಇವ ತಿಳವಳ್ಳಿಯೊಳಗ ಇರ್ತಾನ. ಒಂದೂವರಿ ಎಕರೆ ಭತ್ತದ ಗದ್ದಿ.

ಹುಡುಗಿ: (ಸ್ವಲ್ಪ ತಡೆದು) ಅದು ಖರೆ.

ಮಾಸ್ತರು: ನಿನ್ನ ಮಾತೂ ಖರೆ. ಹುಡುಗನ್ನ ಕೇಳಬೇಕಾಗಿತ್ತು. ಆದ್ರ ಆರು ವರ್ಷದ ಕೂಸು ಏನು ಹೇಳೀತು? ಅವ್ವನ್ನ ಬಿಟ್ಟು ಹೋಗೂದಿಲ್ಲ ಅಂತ ಅಳತೈತಿ. ಗಡಿಗೆಯ್ಯನೂ ಅತ್ತಿರಬೇಕು.

ಹುಡುಗಿ: ಅತ್ತಿರಬೇಕು. ಅದನ್ನ ನಾವು ಯಾವ ಕಾರ್ಯಕ್ರಮದಾಗೂ ಹೇಳೂದಿಲ್ಲ.

ಮಾಸ್ತರು: ಹೇಳಿದ್ರ ಮಕ್ಕಳನ್ನ ಕಳಿಸೋರು ಹೆದರ್ತಾರ.

ಹುಡುಗಿ: ಹೇಳಲಿಲ್ಲಂದ್ರ ಕಳಿಸಿದವರು ತಾವೊಬ್ಬರೇ ಅಳಬೇಕಾಗತೈತಿ.

ಮಾಸ್ತರು: ಮತ್ತ ಈಗೇನು ಮಾಡೂದು?

ಹುಡುಗಿ: ನಾಳೆ ಅವರ ಮನೀಗೆ ಹೋಗೋಣು. ನೀವು ಗದಗಿನ ಮಾತು ಹೇಳ್ರಿ, ನಾ ಸಾಲಿ ಮಾತು ಹೇಳ್ತೀನಿ. ಮುಂದ ಅವರ ಅಪ್ಪ, ಅವ್ವ.

ಮಾಸ್ತರು: ನಾ ಪೇಟಿ ತಗೊಂಡೇ ಬರ್ತೀನಿ ಮತ್ತ.

ಹುಡುಗಿ: ಪೇಟಿ ಯಾಕ್ರಿ? ಅದು ಲಂಚ ಆಗತೈತಿ.

ಮಾಸ್ತರು: ನೀನೂ ನಿನ್ನ ಮಾತಾಡೋ ಮೊಬೈಲ್ ತಗೊಂಡು ಬರಾಕಿ ಅಲ್ಲೇನು?